ಕಲ್ಲು ಯಾರ ಊರಲ್ಲಿ ನಿಲ್ಲಬೇಕು?

ಜಯನಗರದ ಅಶೋಕ ಪಿಲ್ಲರ್ ನನ್ನ ವಿದ್ಯಾರ್ಥಿಗಳಿಗೆ ಒಂದು ಬಸ್ ಸ್ಟಾಪು, ಅಷ್ಟೇ. ಬಡಾವಣೆ ಹುಟ್ಟಿದ ನೆನಪಿನ ಕಂಬ ಅದು; 1948ರಲ್ಲಿ ಅಡಿಗಲ್ಲು ಇಟ್ಟವರು ರಾಜಾಜಿ. ಅಂಬೇಡ್ಕರ್‌ವಾದಿಗಳಾದ ನಾವು ಅಶೋಕ ಅಂದ ಕೂಡಲೇ ಬುದ್ಧನನ್ನು ನೆನೆಯುತ್ತೇವೆ. ನನಗೆ ಮೊದಲು ನೆನಪಾಗುವುದು ಕಳಿಂಗದ ಹೆಣಗಳು.

ಹದಿಮೂರನೇ ಬಂಡೆಗಲ್ಲು ಶಾಸನದಲ್ಲಿ ಅಶೋಕನೇ ಲೆಕ್ಕ ಕೊಡುತ್ತಾನೆ: ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು. ಕೊಂದ ಪ್ರಭುತ್ವವೇ ಕೊಂದೆ ಅಂತ ಕಲ್ಲಲ್ಲಿ ಬರೆಸಿದ್ದು ಸಣ್ಣ ಮಾತಲ್ಲ. ಆದರೆ ಕಳಿಂಗದೊಳಗಿನ ಧೌಲಿ, ಜೌಗಡಗಳಲ್ಲಿ ಈ ಶಾಸನವೇ ಇಲ್ಲ. ಅಲ್ಲಿ, ಜನರೆಲ್ಲ ತನ್ನ ಮಕ್ಕಳು ಎನ್ನುವ ಬೇರೊಂದು ಶಾಸನ. ಪಶ್ಚಾತ್ತಾಪವನ್ನು ನಾಡಿಗೆಲ್ಲ ಸಾರಿ, ಗಾಯಗೊಂಡವರ ಎದುರಿಗೆ ಮಾತ್ರ ನುಂಗಿಕೊಂಡದ್ದು. ಪಂಡಿತರು ಏನು ಕಾರಣ ಕೊಟ್ಟರೂ ಆ ಖಾಲಿ ಜಾಗ ನಮಗೆ ಪರಿಚಯದ್ದೇ.

2000ದ ಮಾರ್ಚ್ 11ರಂದು, ಆಗಿನ್ನೂ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. (ತಿರುಗಿಬಿದ್ದರೋ, ಭಯ ತಿರುಗಿಸಿತೋ.) 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಕೋರ್ಟಿನ ಕಾಗದದಲ್ಲಿ ಏಳು ಜನ ಸತ್ತಿದ್ದಾರೆ, ಕೊಂದವರು ಯಾರೂ ಇಲ್ಲ.

ಸ್ಮಾರಕಗಳೇ ಇಲ್ಲ ಅಂತಲ್ಲ. 1968ರಲ್ಲಿ 44 ಜನರನ್ನು ಸುಟ್ಟ ತಮಿಳುನಾಡಿನ ಕೀಳ್ವೆಣ್ಮಣಿಯಲ್ಲಿ ಕಮ್ಯುನಿಸ್ಟರು ಕಟ್ಟಿದರು. ಆಂಧ್ರದ ಚುಂಡೂರಿನಲ್ಲಿ, 1991ರ ಹತ್ಯಾಕಾಂಡದ ನಂತರ, ದಲಿತರು ತಮ್ಮವರ ಹೆಣಗಳನ್ನು ಊರ ನಡುವೆಯೇ ಹೂತು ಆ ಜಾಗವನ್ನು ರಕ್ತಕ್ಷೇತ್ರ ಎಂದು ಕರೆದರು. ಕೇರಿಯೂ ಊರಾಚೆ, ಸುಡುಗಾಡೂ ಊರಾಚೆ ಎನ್ನುವ ದೇಶದಲ್ಲಿ ಅದು ದೊಡ್ಡ ರಾಜಕಾರಣ. ಆದರೂ ಇವೆಲ್ಲ ಸತ್ತವರ ಕಡೆಯವರೇ ಕಟ್ಟಿಕೊಂಡದ್ದು.

ಬರ್ಲಿನ್ನಿನಲ್ಲಿ ನಡೆದದ್ದು ಬೇರೆ. ನಾಜಿಗಳು ಕೊಂದ ಸುಮಾರು ಅರವತ್ತು ಲಕ್ಷ ಯಹೂದಿಗಳ ಸ್ಮಾರಕಕ್ಕೆ 1999ರಲ್ಲಿ ಜರ್ಮನಿಯ ಸಂಸತ್ತೇ ತೀರ್ಮಾನ ಮಾಡಿತು. 2005ರಲ್ಲಿ ರಾಜಧಾನಿಯ ನಟ್ಟನಡುವೆ 2711 ಕಾಂಕ್ರೀಟ್ ದಿಮ್ಮಿಗಳು ನಿಂತವು, ಕೊಲ್ಲುವ ಆಜ್ಞೆ ಹೊರಟ ಊರಲ್ಲೇ. ಹೋಲಿಕೆ ಪೂರ್ತಿ ಕೂಡುವುದಿಲ್ಲ, ಗೊತ್ತು. ನಾಜಿಗಳು ಸೋತಿದ್ದರು, ಜಾತಿ ಎಲ್ಲಿ ಸೋತಿದೆ?

ಹಾಗಾಗಿಯೇ ಕಂಬಾಲಪಲ್ಲಿಯ ಕಲ್ಲು ಬೆಂಗಳೂರಿನಲ್ಲಿ, ಸರ್ಕಾರದ ದುಡ್ಡಿನಲ್ಲಿ ನಿಲ್ಲಬೇಕು. ಜಯನಗರದ ಆ ಕಂಬದ ಬುಡದಲ್ಲೇ ಆಗಲಿ. ಏಳು ಹೆಸರು, ತಾರೀಖು, ಅದರ ಕೆಳಗೆ 2006 ಮತ್ತು 2014ರ ತೀರ್ಪುಗಳು. ತೀರ್ಪನ್ನು ಕೆತ್ತಿಸಲು ಒಪ್ಪದ ಸರ್ಕಾರ ಹೆಸರುಗಳನ್ನೂ ಮುಟ್ಟುವುದು ಬೇಡ.