ಸೆಸ್ಟಮಿಬಿ

ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಸ್ಕ್ಯಾನಿಗೆಂದು ಹೊರಟವರ ಚೀಟಿಯಲ್ಲಿ ಈ ಪದ ಕಂಡರೆ, ಯಾರೋ ಜಪಾನಿ ಡಾಕ್ಟರ ಹೆಸರು ಅನ್ನಿಸೀತು. ಅಲ್ಲ. ಮೆಥಾಕ್ಸಿ ಐಸೊಬ್ಯುಟೈಲ್ ಐಸೊನೈಟ್ರೈಲ್ ಎಂಬ ಮಾರುದ್ದದ ಹೆಸರಿನಿಂದ ಅಕ್ಷರ ಹೆಕ್ಕಿ ಕಟ್ಟಿದ್ದು ‘ಮಿಬಿ’. ‘ಸೆಸ್ಟ’ ಲ್ಯಾಟಿನ್ ಮೂಲದ ಆರು: ಒಂದು ಟೆಕ್ನೀಷಿಯಂ ಪರಮಾಣುವಿನ ಸುತ್ತ ಆರು ಮಿಬಿ. ಆ ಟೆಕ್ನೀಷಿಯಂ-99ಎಂನ ವಿಕಿರಣ 6 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ.

ಪ್ಯಾರಾಥೈರಾಯ್ಡ್ ಗ್ರಂಥಿಗಳ ತೊಂದರೆ ಹುಡುಕಲು ಈ ಸ್ಕ್ಯಾನ್ ಬಳಸುತ್ತಾರೆ. ಥೈರಾಯ್ಡ್ ಅಂದರೆ ಗ್ರೀಕಿನಲ್ಲಿ ಗುರಾಣಿಯಂಥದ್ದು. ‘ಪ್ಯಾರಾ’ ಅಂದರೆ ಪಕ್ಕದ್ದು. ಗುರಾಣಿಯ ಬೆನ್ನಿಗಂಟಿದ ಪ್ಯಾರಾಥೈರಾಯ್ಡ್‌ಗಳು ಸಾಮಾನ್ಯವಾಗಿ ನಾಲ್ಕು, ಒಂದೊಂದೂ ಅಕ್ಕಿಕಾಳಿನಷ್ಟು. ಯಾವುದೋ ಒಂದು ಅತಿಯಾಗಿ ದುಡಿಯತೊಡಗಿದರೆ ಮೂಳೆಯ ಕ್ಯಾಲ್ಸಿಯಂ ರಕ್ತಕ್ಕೆ ಸೋರುತ್ತದೆ. ಸೂಜಿಯಲ್ಲಿ ಕೊಟ್ಟ ಸೆಸ್ಟಮಿಬಿ ಥೈರಾಯ್ಡಿನಿಂದ ಬೇಗ ತೊಳೆದುಹೋಗಿ, ಆ ಕಾಳಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಸುಮಾರು 2 ಗಂಟೆಯ ನಂತರ ತೆಗೆದ ಚಿತ್ರದಲ್ಲಿ ಅಲ್ಲೊಂದು ಕಪ್ಪು ಚುಕ್ಕೆ.