ಒಮ್ಮತದ ನಿರ್ಣಯ

ಒಮ್ಮತದ ನಿರ್ಣಯವೆಂದರೆ ಗುಂಪಿನ ಸದಸ್ಯರು ಪರಸ್ಪರರ ಆಕ್ಷೇಪಗಳನ್ನು ಆಲಿಸಿ, ಪ್ರಸ್ತಾವವನ್ನು ತಿದ್ದಿ, ಎಲ್ಲರೂ ಒಪ್ಪಬಹುದಾದ ತೀರ್ಮಾನಕ್ಕೆ ಬರುವ ವಿಧಾನ. ಬಹುಮತದಲ್ಲಿ ಮತಗಳ ಎಣಿಕೆ ಮುಖ್ಯ. ಇಲ್ಲಿ ಆಕ್ಷೇಪಕ್ಕೆ ದೊರೆಯುವ ಉತ್ತರ ಮುಖ್ಯ.

ಅವಿರೋಧವೆಲ್ಲವೂ ಒಮ್ಮತವಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿ ಚುನಾವಣೆಗಳಲ್ಲಿ ಒಂದು ಸ್ಥಾನಕ್ಕೆ ಒಬ್ಬರೇ ಅಭ್ಯರ್ಥಿ ಕಣದಲ್ಲಿ ಉಳಿದರೆ ಅವರು ಮತದಾನವಿಲ್ಲದೆ ಆಯ್ಕೆಯಾಗುತ್ತಾರೆ. ಊರಿನವರು ಕೂಡಿ ಮಾತಾಡಿ ಹೀಗೆ ಆರಿಸುವುದುಂಟು. ಆದರೆ 2020ರ ಡಿಸೆಂಬರ್ ಚುನಾವಣೆಯ ವೇಳೆ ಕೆಲವೆಡೆ ಸ್ಥಾನಗಳನ್ನು ಹರಾಜು ಹಾಕಿದ ವರದಿಗಳು ಬಂದವು. ರಾಜ್ಯ ಚುನಾವಣಾ ಆಯೋಗವು ಕ್ರಮದ ಎಚ್ಚರಿಕೆ ನೀಡಿತು. ಹೆಚ್ಚು ಹಣ ಕೂಗಿದವರಿಗಾಗಿ ಉಳಿದವರು ಹಿಂದೆ ಸರಿದಾಗ ಅಲ್ಲಿ ವಿರೋಧವೂ ಕಾಣದು, ಒಪ್ಪಿಗೆಯೂ ಇರದು.

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರ ಹೋಬಳಿಯ ಹಳ್ಳಿಗಳಲ್ಲಿ, ರಾಜ್ಯದ ಇತರೆಡೆಯಂತೆ, ಬಹಿರಂಗ ಚರ್ಚೆಯ ಶಾಸನಬದ್ಧ ವೇದಿಕೆ ಗ್ರಾಮಸಭೆ. ಪಂಚಾಯಿತಿ ವ್ಯಾಪ್ತಿಯ ಮತದಾರರೆಲ್ಲರೂ ಅದರ ಸದಸ್ಯರು. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಅದು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು.