ಜಾಹೀರಾತಿನಲ್ಲಿ ಮರಳಿದ ಹಳೆಯ ರಾಕ್ ಗೀತೆಗಳು: ಎರವಲು ನೆನಪು ಮತ್ತು ಒಡೆತನದ ಪ್ರಶ್ನೆ

ಹಳೆಯ ಜನಪ್ರಿಯ ಗೀತೆಗಳು ಟಿವಿ ಜಾಹೀರಾತುಗಳ ಬೆನ್ನೇರಿ ಮತ್ತೆ ಮಾರುಕಟ್ಟೆಗೆ ಬಂದ ವಿದ್ಯಮಾನವನ್ನು ಹಳಹಳಿಕೆ, ಅಂದರೆ ಕಳೆದುಹೋದ ಕಾಲವನ್ನು ಕುರಿತ ಹಂಬಲ, ಎಂಬ ಒಂದೇ ಮಾತಿನಲ್ಲಿ ವಿವರಿಸಿ ಮುಗಿಸುವುದು ರೂಢಿ. 1980ರ ದಶಕದ ನಡುಭಾಗದಿಂದ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ನಡೆದ ಪ್ರಕರಣಗಳನ್ನು ಪರಿಶೀಲಿಸಿದರೆ ಈ ವಿವರಣೆ ಅರ್ಧ ಮಾತ್ರ ನಿಲ್ಲುತ್ತದೆ. ಕೆಲವು ಜಾಹೀರಾತುಗಳು ಕೇಳುಗರಲ್ಲಿ ಅದಾಗಲೇ ಇದ್ದ ನೆನಪನ್ನು ಕೆದಕಿದವು. ಇನ್ನು ಕೆಲವು, ಆ ಹಾಡಿನ ನೆನಪೇ ಇಲ್ಲದವರಿಗೆ ನೆನಪನ್ನು ಒದಗಿಸಿದವು. ಎರಡೂ ಬಗೆಯಲ್ಲಿ ಯಾವ ಹಾಡು, ಯಾರ ದನಿಯಲ್ಲಿ ಮರಳಬೇಕೆಂಬುದನ್ನು ಭಾವನೆಗಿಂತ ಹೆಚ್ಚಾಗಿ ಒಡೆತನವೇ ತೀರ್ಮಾನಿಸಿತು.

ಮೊದಲ ಬಗೆಗೆ ಸ್ಪಷ್ಟ ಸಾಕ್ಷ್ಯ ದೊರೆಯುವುದು ಅಮೆರಿಕದ ನ್ಯಾಯಾಲಯದ ದಾಖಲೆಯಲ್ಲಿ. 1985ರಲ್ಲಿ ಫೋರ್ಡ್ ಕಂಪನಿಗಾಗಿ ಯಂಗ್ ಅಂಡ್ ರುಬಿಕಾಮ್ ಸಂಸ್ಥೆ ತಯಾರಿಸಿದ ಜಾಹೀರಾತು ಮಾಲಿಕೆಯ ಉದ್ದೇಶವೇ, ಕೈತುಂಬ ಸಂಬಳ ಎಣಿಸುತ್ತಿದ್ದ ನಗರದ ಯುವ ವೃತ್ತಿಪರರಿಗೆ ಎಪ್ಪತ್ತರ ದಶಕದ ಹಾಡುಗಳನ್ನು ಕೇಳಿಸಿ, ಅವರ ಕಾಲೇಜು ದಿನಗಳನ್ನು ನೆನಪಿಗೆ ತರುವುದಾಗಿತ್ತು. ಮೂಲ ಗಾಯಕರಲ್ಲಿ ಹಲವರು ಸಿಗದಿದ್ದಾಗ ಸಂಸ್ಥೆ ಅನುಕರಣೆಯ ದಾರಿ ಹಿಡಿಯಿತು. ಗಾಯಕಿ ಬೆಟ್ ಮಿಡ್ಲರ್ ಒಪ್ಪದೆ ಹೋದಾಗ, ಅವರೊಂದಿಗೆ ವರ್ಷಗಟ್ಟಲೆ ಹಿನ್ನೆಲೆಯಲ್ಲಿ ಹಾಡಿದ್ದ ಸಹಗಾಯಕಿಯನ್ನೇ ಕರೆಸಿ, ಸಾಧ್ಯವಾದಷ್ಟು ಮಿಡ್ಲರ್ ಅವರಂತೆಯೇ ಹಾಡಲು ಸೂಚಿಸಲಾಯಿತು. ಹಾಡಿನ ರಚನೆಯನ್ನು ಬಳಸಲು ಪರವಾನಗಿ ಪಡೆದಿದ್ದರೂ, ಮಾರಾಟಕ್ಕಾಗಿ ಪ್ರಸಿದ್ಧ ಗಾಯಕಿಯ ವಿಶಿಷ್ಟ ದನಿಯನ್ನು ಬೇಕೆಂದೇ ಅನುಕರಿಸುವುದು ತಪ್ಪೆಂದು 1988ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ನೆನಪು ಅಂಟಿಕೊಂಡಿರುವುದು ರಾಗಕ್ಕಲ್ಲ, ಒಂದು ನಿರ್ದಿಷ್ಟ ಕಂಠಕ್ಕೆ ಎಂಬುದನ್ನು ಜಾಹೀರಾತು ಸಂಸ್ಥೆ ನ್ಯಾಯಾಲಯಕ್ಕಿಂತ ಮೊದಲೇ ಅರಿತಿತ್ತು ಎನ್ನಬೇಕು.

ಬ್ರಿಟನ್ನಿನಲ್ಲಿ ಲೀವೈಸ್ ಜೀನ್ಸ್‌ಗಾಗಿ ಬಾರ್ಟಲ್ ಬೋಗಲ್ ಹೆಗಾರ್ಟಿ ಸಂಸ್ಥೆ 1985ರ ಕೊನೆಯಲ್ಲಿ ಹೊರತಂದ ಚಿತ್ರದ ಕಥೆ ಬೇರೆ. ಐವತ್ತರ ದಶಕದ ಅಮೆರಿಕದಂತೆ ಕಾಣುವ ಬಟ್ಟೆ ಒಗೆಯುವ ಅಂಗಡಿಗೆ ತರುಣನೊಬ್ಬ ಬಂದು, ನೋಡುತ್ತಿದ್ದವರ ಎದುರೇ ಅಂಗಿ ಹಾಗೂ ಜೀನ್ಸ್ ಕಳಚಿ ಯಂತ್ರಕ್ಕೆ ಹಾಕಿ, ಒಳಚಡ್ಡಿಯಲ್ಲೇ ನಿರಾಳವಾಗಿ ಕುಳಿತುಬಿಡುತ್ತಾನೆ. ಹಿನ್ನೆಲೆಯಲ್ಲಿ ಕೇಳಿಬರುವುದು ಮಾರ್ವಿನ್ ಗೇ 1968ರಲ್ಲಿ ಜನಪ್ರಿಯಗೊಳಿಸಿದ ಸೋಲ್ ಗೀತೆ (ಸೋಲ್ ಎಂದರೆ ಕಪ್ಪು ಅಮೆರಿಕನ್ನರ ಚರ್ಚ್ ಗಾಯನದಿಂದಲೂ ಲಯಪ್ರಧಾನ ಬ್ಲೂಸ್‌ನಿಂದಲೂ ಬೆಳೆದ ಶೈಲಿ). ದೃಶ್ಯ ಒಂದು ದಶಕದ್ದು, ಹಾಡು ಇನ್ನೊಂದರದ್ದು, ನೋಡುಗರು ಮೂರನೆಯದರವರು. ಈ ಕಾಲವ್ಯತ್ಯಾಸ ಯಾರನ್ನೂ ಕಾಡಲಿಲ್ಲ. ಜೀನ್ಸ್ ಕೊಳ್ಳಬೇಕಿದ್ದ ಹದಿಹರೆಯದವರು ಹಾಡು ಮೊದಲು ಬಂದಾಗ ಹುಟ್ಟಿರಲಿಲ್ಲ ಅಥವಾ ಎಳೆಯ ಕೂಸುಗಳಾಗಿದ್ದರು. ಆದರೂ 1986ರಲ್ಲಿ ಮೂಲ ಧ್ವನಿಮುದ್ರಿಕೆ ಮರುಬಿಡುಗಡೆಯಾಗಿ ಬ್ರಿಟನ್ನಿನ ಮಾರಾಟಪಟ್ಟಿಯಲ್ಲಿ 8ನೆಯ ಸ್ಥಾನಕ್ಕೇರಿತು. 1961ರ ಬೆನ್ ಇ. ಕಿಂಗ್ ಗೀತೆಯೊಂದು 1987ರಲ್ಲಿ ಮೊದಲ ಸ್ಥಾನ ಪಡೆದದ್ದೂ ಇದೇ ದಾರಿಯಲ್ಲಿ, ಆದರೆ ಅದರ ಹಿಂದೆ ಅದೇ ಹೆಸರಿನ ಚಲನಚಿತ್ರದ ಬಲವೂ ಇದ್ದುದರಿಂದ ಪೂರ್ತಿ ಶ್ರೇಯಸ್ಸನ್ನು ಜಾಹೀರಾತಿಗೆ ಕೊಡಲಾಗದು.

ಸೋಲ್‌ನಿಂದ ರಾಕ್‌ಗೆ ಬಂದಾಗ ಉದಾಹರಣೆಗಳು ಇನ್ನಷ್ಟು ವಿಚಿತ್ರವಾಗುತ್ತವೆ. ಸ್ಟೀವ್ ಮಿಲ್ಲರ್ ಬ್ಯಾಂಡಿನ 1973ರ 'ದಿ ಜೋಕರ್' 1990ರಲ್ಲಿ ಬ್ರಿಟನ್ನಿನ ಅಗ್ರಸ್ಥಾನಕ್ಕೇರಿತು. ವ್ಯವಸ್ಥೆಯ ವಿರುದ್ಧ ಸಿಡಿದು ಹೆಸರಾದ ಪಂಕ್ ತಂಡ ದಿ ಕ್ಲ್ಯಾಶ್ 1982ರಲ್ಲಿ ಹೊರತಂದ 'ಶುಡ್ ಐ ಸ್ಟೇ ಆರ್ ಶುಡ್ ಐ ಗೋ' ಆಗ 17ನೆಯ ಸ್ಥಾನಕ್ಕೇ ತೃಪ್ತಿಪಟ್ಟಿತ್ತು. ತಂಡ ಒಡೆದು ಐದು ವರ್ಷವಾದ ಮೇಲೆ, 1991ರಲ್ಲಿ, ಜೀನ್ಸ್ ಜಾಹೀರಾತಿನ ಬಲದಿಂದ ಅದು ಮೊದಲ ಸ್ಥಾನ ತಲುಪಿತು. ಬದುಕಿದ್ದಾಗ ದಕ್ಕದ ಆ ಸ್ಥಾನ ತಂಡಕ್ಕೆ ತಾಯ್ನಾಡಿನಲ್ಲಿ ದೊರೆತದ್ದು ಅದೊಂದೇ ಸಲ. ಹಿಂದೆ ಅಷ್ಟಾಗಿ ಗೆಲ್ಲದ ಹಾಡು ಈಗ ಗೆಲ್ಲುವುದನ್ನು ನೆನಪಿನ ಮರುಕಳಿಕೆ ಎನ್ನುವುದು ಕಷ್ಟ. ಅರ್ಜುನ್ ಅಪ್ಪಾದುರೈ 1996ರ 'ಮಾಡರ್ನಿಟಿ ಅಟ್ ಲಾರ್ಜ್' ಕೃತಿಯಲ್ಲಿ, ಜಾಹೀರಾತು ಗ್ರಾಹಕರಿಗೆ ಅವರು ಎಂದೂ ಕಳೆದುಕೊಳ್ಳದೇ ಇದ್ದುದಕ್ಕಾಗಿ ಹಂಬಲಿಸುವುದನ್ನು ಕಲಿಸುತ್ತದೆ ಎಂದು ವಾದಿಸುವುದು ಇಲ್ಲಿ ಹೊಂದುತ್ತದೆ. ಬೆಂಗಳೂರು ಮೂಲದ ಟೈಟಾನ್ ಕೈಗಡಿಯಾರಗಳ ಜಾಹೀರಾತಿನಲ್ಲಿ ಮೊಜಾರ್ಟ್‌ನ 25ನೆಯ ಸಿಂಫನಿಯ ಎಳೆಯನ್ನು ಕೇಳುತ್ತ ಬೆಳೆದವರಿಗೆ ಇಂದು ಆ ಸ್ವರಗಳು ತಮ್ಮದೇ ಬಾಲ್ಯದ ಸದ್ದಾಗಿರುವುದೂ, ರಾಕ್‌ನ ಪರಿಧಿಯಾಚೆಗಿದ್ದರೂ, ಇದೇ ಪ್ರಕ್ರಿಯೆಯ ಇನ್ನೊಂದು ಮುಖ.

ಮೊಜಾರ್ಟ್‌ನ ರಚನೆಗೆ ಯಾರ ಅನುಮತಿಯೂ ಬೇಕಿಲ್ಲ. ರಾಕ್ ಗೀತೆಗೆ ಎರಡು ಅನುಮತಿಗಳು ಬೇಕು. ಸಾಹಿತ್ಯ ಮತ್ತು ಸಂಗೀತ ರಚನೆಯ ಹಕ್ಕು ಪ್ರಕಾಶಕರಲ್ಲಿರುತ್ತದೆ, ನಿರ್ದಿಷ್ಟ ಧ್ವನಿಮುದ್ರಣದ ಹಕ್ಕು ಸಾಮಾನ್ಯವಾಗಿ ರೆಕಾರ್ಡ್ ಕಂಪನಿಯಲ್ಲಿರುತ್ತದೆ. ನೈಕಿ ಶೂ ಕಂಪನಿ 1987ರಲ್ಲಿ ಬೀಟಲ್ಸ್ ತಂಡದ 1968ರ 'ರೆವಲ್ಯೂಷನ್' ಗೀತೆಯ ಮೂಲ ಧ್ವನಿಮುದ್ರಣವನ್ನೇ ಬಳಸಿದಾಗ, ರಚನೆಯ ಹಕ್ಕು 1985ರಲ್ಲಿ ಎಟಿವಿ ಸಂಗ್ರಹವನ್ನು ಕೊಂಡಿದ್ದ ಮೈಕಲ್ ಜಾಕ್ಸನ್ ಕೈಯಲ್ಲಿತ್ತು, ಧ್ವನಿಮುದ್ರಣದ್ದು ಕ್ಯಾಪಿಟಲ್–ಇಎಂಐ ಕಂಪನಿಯಲ್ಲಿತ್ತು. ಇಬ್ಬರೂ ಒಪ್ಪಿದ್ದರು; ಹಾಡಿದವರನ್ನು ಕೇಳಬೇಕಾದ ಅಗತ್ಯ ಕಾಗದಪತ್ರದ ಮಟ್ಟಿಗೆ ಕಂಡಿರಲಿಲ್ಲ. ಬೀಟಲ್ಸ್ ಒಡೆತನದ ಆ್ಯಪಲ್ ಸಂಸ್ಥೆ ಅದೇ ವರ್ಷ 1.5 ಕೋಟಿ ಡಾಲರ್ ಪರಿಹಾರ ಕೋರಿ ಮೊಕದ್ದಮೆ ಹೂಡಿತು, 1989ರಲ್ಲಿ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು, ಅಷ್ಟರಲ್ಲಿ ಜಾಹೀರಾತು ನಿಂತೇ ಹೋಗಿತ್ತು. ಅಂದಿನಿಂದ ಬೀಟಲ್ಸ್ ರಚನೆಗಳು ಜಾಹೀರಾತಿನಲ್ಲಿ ಕೇಳಿಸಿದಾಗ ಬಹುಮಟ್ಟಿಗೆ ಬೇರೆ ಗಾಯಕರ ಕಂಠದಲ್ಲೇ ಕೇಳಿಸಿವೆ, ಏಕೆಂದರೆ ಪ್ರಕಾಶಕರ ಅನುಮತಿಯೊಂದಿದ್ದರೆ ಹೊಸದಾಗಿ ಹಾಡಿಸಬಹುದು. ಮಿಡ್ಲರ್ ತೀರ್ಪಿನ ನಂತರ ಅಮೆರಿಕದಲ್ಲಿ ಆ ಹೊಸ ಕಂಠ ಹಳೆಯದನ್ನು ತೀರಾ ಹೋಲುವುದೂ ಅಪಾಯವಾದ್ದರಿಂದ, ನೆನಪಿಗೆಂದು ಆಯ್ದ ಹಾಡನ್ನು ನೆನಪಿನಲ್ಲಿರುವಂತಲ್ಲದೆ ಬೇರೆ ರೀತಿಯಲ್ಲಿ ಹಾಡಿಸುವುದೇ ಜಾಹೀರಾತುದಾರರಿಗೆ ಕ್ಷೇಮದ ದಾರಿಯಾಯಿತು.